ಮರಡಿಹಳ್ಳಿಯ ಬಂಡೆಯಲ್ಲಿ ಸಮುದ್ರದ ತಳ ಓದುವುದು ಹೇಗೆ?

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ ಹಿರಿಯೂರು ದಾಟಿದರೆ ಐಮಂಗಲ ಸಿಗುತ್ತದೆ. ಅದರ ಹತ್ತಿರವೇ ಮರಡಿಹಳ್ಳಿ. ಅಲ್ಲಿನ ಬಂಡೆಗಳಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತ ದುಂಡು ದುಂಡು ಆಕಾರಗಳು ಕಾಣುತ್ತವೆ. ಇದೇ ದಿಂಬು ಲಾವಾ, ಕಾಲೇಜಿನವರು ಹೇಳುವ ಪಿಲ್ಲೋ ಲಾವಾ. ಸುಮಾರು 250 ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿಯಲ್ಲಿ ಉಕ್ಕಿ, ಅಲ್ಲೇ ಗಟ್ಟಿಯಾದ ಲಾವಾ ಇದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ.

ಇಂಥ ಜಾಗಕ್ಕೆ ಬಂದವರು ಸಾಮಾನ್ಯವಾಗಿ ಒಂದು ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಅಷ್ಟು ದೂರ ಹೋಗಿ ಹಾಗೆ ವಾಪಸಾಗುವುದು ನಿಜಕ್ಕೂ ನಷ್ಟ. ಇದು ನೀರಿನಡಿಯ ಲಾವಾ ಅಂತ ಯಾರೋ ಹೇಳಿದ್ದನ್ನು ನಂಬಬೇಕಾಗಿಲ್ಲ. ಕಲ್ಲನ್ನೇ ನೋಡಿ ನೀವೇ ಹೇಳಬಹುದು. ಅದಕ್ಕೆ ಭೂವಿಜ್ಞಾನದ ಡಿಗ್ರಿ ಬೇಡ, ಯಾವುದರ ನಂತರ ಯಾವುದನ್ನು ನೋಡಬೇಕು ಅಂತ ಗೊತ್ತಿದ್ದರೆ ಸಾಕು. ಒಂದೆರಡು ಗಂಟೆ ಬಿಡುವು ಮಾಡಿಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಿಂಬಿನ ಆಕಾರ ಕಂಡ ತಕ್ಷಣ ‘ಇದು ಸಮುದ್ರ’ ಅನ್ನಬೇಡಿ. ಆ ಆಕಾರ ಹೇಳುವುದು ಇಲ್ಲಿ ನೀರಿತ್ತು ಅನ್ನುವುದನ್ನು ಮಾತ್ರ. ಕೆರೆಯಲ್ಲಿ ಲಾವಾ ಹರಿದರೂ ದಿಂಬು ಆಗುತ್ತದೆ. ಐಸ್‌ಲ್ಯಾಂಡಿನಲ್ಲಿ ಹಿಮದ ಹಾಸಿನ ಕೆಳಗೆ ಜ್ವಾಲಾಮುಖಿ ಸಿಡಿದಾಗ ಕರಗಿದ ನೀರಿನಲ್ಲೂ ದಿಂಬುಗಳಾಗಿವೆ. ಆ ನೀರು ಸಮುದ್ರದ್ದೇ ಅಂತ ಹೇಳುವುದು ಅಕ್ಕಪಕ್ಕದ ಶಿಲೆಗಳು. ಹಾಗಾಗಿ ಮೊದಲು ದಿಂಬು, ಆಮೇಲೆ ಅದರ ನೆರೆಹೊರೆ. ಈ ಕ್ರಮ ತಪ್ಪಿಸಬೇಡಿ.

ಹಳೆಯ ಸಮುದ್ರದ ತಳ ಬಯಲುಸೀಮೆಯಲ್ಲಿ ಯಾಕೆ?

ಇವತ್ತಿನ ಸಾಗರಗಳ ತಳಕ್ಕೆ ಅಷ್ಟೇನೂ ವಯಸ್ಸಾಗಿಲ್ಲ. ಸಾಗರದ ನಡುವಿನ ಬೆಟ್ಟಸಾಲುಗಳಲ್ಲಿ ಲಾವಾ ಉಕ್ಕಿ ಹೊಸ ತಳ ಹುಟ್ಟುತ್ತಲೇ ಇರುತ್ತದೆ. ಹಳೆಯ ತಳ ಅಂಚುಗಳಲ್ಲಿ ಭೂಮಿಯೊಳಗೆ ಇಳಿದುಹೋಗುತ್ತದೆ. ಪೆಸಿಫಿಕ್‌ನ ಪಶ್ಚಿಮದಲ್ಲಿರುವ ತೀರಾ ಹಳೆಯ ತಳಕ್ಕೂ ಸುಮಾರು 18 ಕೋಟಿ ವರ್ಷವಷ್ಟೇ. ಅದಕ್ಕಿಂತ ತುಂಬಾ ಹಿಂದಿನ ಕಾಲದ ನೀರಿನಡಿಯ ಸಿಡಿತಕ್ಕೆ ಸಾಕ್ಷಿ ಬೇಕಾದರೆ ಸಮುದ್ರದಲ್ಲಿ ಹುಡುಕಿ ಪ್ರಯೋಜನವಿಲ್ಲ. ಭೂಖಂಡಗಳ ಹಳೆಯ ಗಟ್ಟಿ ಭಾಗಗಳಲ್ಲಿ ಸಿಕ್ಕಿಕೊಂಡು ಉಳಿದ ಚೂರುಗಳನ್ನೇ ನೋಡಬೇಕು.

ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ 370 ಕೋಟಿ ವರ್ಷಗಳಷ್ಟು ಹಳೆಯ ದಿಂಬುಗಳಿವೆ. ದಕ್ಷಿಣ ಆಫ್ರಿಕಾದ ಬಾರ್ಬರ್ಟನ್‌ನಲ್ಲಿ ಸುಮಾರು 350 ಕೋಟಿ ವರ್ಷದವು ಇವೆ. ನಮ್ಮಲ್ಲಿ ಗದಗದ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ 400 ಕಿ.ಮೀ.ಗೂ ಜಾಸ್ತಿ ಉದ್ದಕ್ಕೆ ಹಬ್ಬಿರುವ ಚಿತ್ರದುರ್ಗ ಶಿಸ್ಟ್ ಪಟ್ಟಿ, ಅಂದರೆ ಬಿಸಿ ಮತ್ತು ಒತ್ತಡಕ್ಕೆ ಬದಲಾದ ಹಳೆಯ ಶಿಲೆಗಳ ಪಟ್ಟಿ, ಅಂಥದ್ದೇ ಒಂದು ಚೂರು. ಮರಡಿಹಳ್ಳಿ ಇರುವುದು ಇದರೊಳಗೆ.

ಹೊರಡುವ ಮೊದಲು

ಜಿಎಸ್‌ಐನ ಭೂಕೋಶ್ ಜಾಲತಾಣದಲ್ಲಿ ಭೂವೈಜ್ಞಾನಿಕ ನಕ್ಷೆಗಳನ್ನು ಉಚಿತವಾಗಿ ನೋಡಬಹುದು. ಚಿತ್ರದುರ್ಗ ಜಿಲ್ಲೆಯ ನಕ್ಷೆ ತೆರೆದು ಮರಡಿಹಳ್ಳಿಯ ಸುತ್ತ ಯಾವ್ಯಾವ ಶಿಲೆಗಳಿವೆ ಅಂತ ಬರೆದುಕೊಳ್ಳಿ. ಹತ್ತು ನಿಮಿಷದ ಕೆಲಸ. ಆದರೆ ಇದನ್ನು ಮಾಡದೆ ಹೋದರೆ ಏಳನೆಯ ಹಂತದಲ್ಲಿ ಕೈ ಕಟ್ಟಿದ ಹಾಗಾಗುತ್ತದೆ.

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬೆಳಿಗ್ಗೆ ಬೇಗ ಅಥವಾ ಸಂಜೆ ನಾಲ್ಕರ ಮೇಲೆ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಬಂಡೆಯ ಏರುತಗ್ಗು ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಎಲ್ಲವೂ ಒಂದೇ ಬಣ್ಣದ ಚಪ್ಪಟೆ ಕಲ್ಲಾಗಿಬಿಡುತ್ತದೆ. ಮುಳ್ಳು, ಕಲ್ಲು ಇರುವ ಜಾಗ, ಹಾಗಾಗಿ ಶೂ ಹಾಕಿಕೊಳ್ಳಿ. ಕಲ್ಲಿನ ಸಂದಿಗೆ ನೋಡದೆ ಕೈ ಹಾಕಬೇಡಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಮಸೂರ, ನೋಟ್‌ಬುಕ್, ಪೆನ್ಸಿಲ್, ಅಳತೆಗೆ ಒಂದು ಸ್ಕೇಲ್ ಅಥವಾ ನಾಣ್ಯ, ದಿಕ್ಸೂಚಿ, ಎರಡು ಬಾಟಲಿ ನೀರು ಇಟ್ಟುಕೊಳ್ಳಿ. ಒಂದು ಬಾಟಲಿ ಕುಡಿಯಲು, ಇನ್ನೊಂದು ಬಂಡೆಗೆ ಚಿಮುಕಿಸಲು. ಒಣ ಕಲ್ಲಿನಲ್ಲಿ ಕಾಣದ ಬಣ್ಣ, ಅಂಚು, ಚುಕ್ಕೆ ಎಲ್ಲವೂ ಒದ್ದೆ ಕಲ್ಲಿನಲ್ಲಿ ತಕ್ಷಣ ಕಾಣುತ್ತವೆ. ಇಡೀ ಸಲಕರಣೆಯಲ್ಲಿ ಇದಕ್ಕಿಂತ ಉಪಯೋಗದ್ದು ಯಾವುದೂ ಇಲ್ಲ.

ಸುತ್ತಿಗೆ ಮಾತ್ರ ಬೇಡವೇ ಬೇಡ. ಇದು ರಕ್ಷಿತ ಸ್ಮಾರಕ. ಚೂರು ಒಡೆದು ಮನೆಗೆ ತರುವುದು, ಬಂಡೆ ಮೇಲೆ ಹೆಸರು ಕೆತ್ತುವುದು, ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು ಯಾವುದೂ ಕೂಡದು. ಒಮ್ಮೆ ಒಡೆದ ಅಂಚು ಮತ್ತೆ ಬೆಳೆಯುವುದಿಲ್ಲ. ನಿಮ್ಮ ಜೊತೆ ಬಂದ ಮಕ್ಕಳಿಗೂ ಇದನ್ನು ಗಾಡಿ ಇಳಿಯುವ ಮೊದಲೇ ಹೇಳಿ.

ಹಂತ 1: ದೂರ ನಿಂತು ನೋಡಿ

ಮೊದಲು ಬಂಡೆಯ ಹತ್ತಿರ ಹೋಗಬೇಡಿ. ಹತ್ತು ಹೆಜ್ಜೆ ಹಿಂದೆ ನಿಂತು ಇಡೀ ಮುಖ ನೋಡಿ. ಕೇಳಿಕೊಳ್ಳಬೇಕಾದ್ದು ಒಂದೇ: ಈ ದುಂಡು ಆಕಾರಗಳು ಬೇರೆ ಬೇರೆ ಬಿದ್ದ ಕಲ್ಲುಗಳೋ, ಅಥವಾ ಒಂದರ ಮೈಗೆ ಇನ್ನೊಂದು ಹೊಂದಿಕೊಂಡು ಕೂತಿವೆಯೋ?

ದಿಂಬು ಲಾವಾದಲ್ಲಿ ಮೇಲಿನದು ಕೆಳಗಿನದರ ಆಕಾರಕ್ಕೆ ಬಗ್ಗಿರುತ್ತದೆ. ಯಾಕೆಂದರೆ ಮೇಲಿನದು ಬಂದು ಕೂತಾಗ ಅದಿನ್ನೂ ಮೆತ್ತಗಿತ್ತು. ಈ ಹೊಂದಾಣಿಕೆ ಕಂಡರೆ ಅರ್ಧ ಕೆಲಸ ಆದಂತೆ. ಕಾಣದಿದ್ದರೆ ಬೇರೆ ಏನೋ ಇರಬಹುದು. ಅದಕ್ಕೆ ಮುಂದೆ ಬರುತ್ತೇನೆ.

ಇಲ್ಲೇ ಬಣ್ಣವನ್ನೂ ಗಮನಿಸಿ. ಲಾವಾ ಗಟ್ಟಿಯಾದಾಗ ಅದು ಕಪ್ಪು ಬಸಾಲ್ಟ್. ಈಗ ನೋಡಿದರೆ ಹಸಿರು ಛಾಯೆ ಇರುತ್ತದೆ. ಭೂಮಿಯೊಳಗೆ ಹೂತುಹೋಗಿ, ಬಿಸಿ ಮತ್ತು ಒತ್ತಡದಲ್ಲಿ ಬೆಂದು, ಮೂಲ ಖನಿಜಗಳು ಕ್ಲೋರೈಟ್, ಆಕ್ಟಿನೊಲೈಟ್, ಎಪಿಡೋಟ್ ಎಂಬ ಹಸಿರು ಖನಿಜಗಳಾಗಿ ಬದಲಾಗಿವೆ. ಇಂಥ ಪಟ್ಟಿಗಳನ್ನು ಹಸಿರುಶಿಲೆ ಪಟ್ಟಿ ಅಂತ ಕರೆಯುವುದು ಇದಕ್ಕೇ. ಖನಿಜ ಬದಲಾದರೂ ಆಕಾರ ಉಳಿದಿದೆ. ನಾವು ಓದಲು ಹೊರಟಿರುವುದು ಆ ಆಕಾರವನ್ನೇ.

ಹಂತ 2: ಅಂಚು

ಈಗ ಹತ್ತಿರ ಹೋಗಿ. ಒಂದು ಚೆನ್ನಾಗಿ ಕಾಣುವ ದಿಂಬು ಆರಿಸಿಕೊಂಡು ಅದರ ಹೊರ ಅಂಚಿಗೆ ನೀರು ಚಿಮುಕಿಸಿ.

ಸುಮಾರು 1100ರಿಂದ 1200 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಲಾವಾ ನೀರಿಗೆ ತಾಗಿದ ಕೂಡಲೇ ಹೊರಮೈ ಗಟ್ಟಿಯಾಗುತ್ತದೆ. ಹರಳು ಕಟ್ಟುವುದಕ್ಕೂ ಸಮಯ ಸಿಗುವುದಿಲ್ಲ. ಹಾಗಾಗಿ ಹೊರಗಿನ ಒಂದೆರಡು ಸೆಂಟಿಮೀಟರ್ ಗಾಜಾಗುತ್ತದೆ. ಒಳಗಿನದು ನಿಧಾನಕ್ಕೆ ಆರುತ್ತದೆ, ಅಲ್ಲಿ ಸಣ್ಣ ಹರಳುಗಳು ಬೆಳೆಯುತ್ತವೆ. ಕೋಟಿಗಟ್ಟಲೆ ವರ್ಷದಲ್ಲಿ ಆ ಗಾಜು ಗಾಜಾಗಿ ಉಳಿದಿರುವುದಿಲ್ಲ, ಕ್ಲೋರೈಟ್ ಆಗಿರುತ್ತದೆ. ಆದರೆ ಅಂಚು ಇನ್ನೂ ಕಾಣುತ್ತದೆ. ಒಳಗಿಗಿಂತ ಗಾಢ ಬಣ್ಣದ, ನಯವಾದ ಪಟ್ಟಿಯಾಗಿ ದಿಂಬನ್ನು ಸುತ್ತುವರಿದಿರುತ್ತದೆ. ಕೆಲವೆಡೆ ಮಳೆ ಗಾಳಿಗೆ ಅದು ಬೇಗ ಸವೆದು ತೋಡಿನ ಹಾಗೆ ಒಳಗೆ ಹೋಗಿರುತ್ತದೆ.

ಮಸೂರ ಹಿಡಿದು ಅಂಚಿನಿಂದ ಒಳಕ್ಕೆ ನಿಧಾನವಾಗಿ ಬನ್ನಿ. ಅಂಚಿನಲ್ಲಿ ಕಾಳೇ ಕಾಣದಷ್ಟು ನಯ, ಒಳಗೆ ಹೋದಂತೆ ಸ್ವಲ್ಪ ಸ್ವಲ್ಪವೇ ಒರಟು. ಹೊರಗಿನಿಂದ ಒಳಗೆ ತಣ್ಣಗಾದದ್ದಕ್ಕೆ ಇದು ನೇರ ಸಾಕ್ಷಿ. ಅಂಚಿಗೆ ಲಂಬವಾಗಿ, ನಡುವಿನ ಕಡೆಗೆ ಹೋಗುವ ಸಣ್ಣ ಬಿರುಕುಗಳಿದ್ದರೆ ಅವನ್ನೂ ಬರೆದುಕೊಳ್ಳಿ. ತಣ್ಣಗಾಗುವಾಗ ಕಲ್ಲು ಕುಗ್ಗಿ ಆದ ಬಿರುಕುಗಳು ಅವು.

ಅಂಚಿನ ಹತ್ತಿರ ಬಟಾಣಿ ಗಾತ್ರದ ತಿಳಿಬಣ್ಣದ ಗುಂಡು ಚುಕ್ಕೆಗಳು ಕಂಡರೆ ಅವಸರದಲ್ಲಿ ಗುಳ್ಳೆ ಅಂದುಬಿಡಬೇಡಿ. ಇಷ್ಟು ಹಳೆಯ ಲಾವಾಗಳಲ್ಲಿ ಹರಳುಗಳು ಒಂದು ಬಿಂದುವಿನಿಂದ ಸುತ್ತಲೂ ಬೆಳೆದು ಆದ ಉಂಡೆಗಳೂ ಇರುತ್ತವೆ. ಅವಕ್ಕೆ ವೇರಿಯೋಲ್ ಅನ್ನುತ್ತಾರೆ. ಗುಳ್ಳೆ ತುಂಬಿಕೊಂಡದ್ದಾದರೆ ಒಳಗಿನ ಖನಿಜ ಬೇರೆಯಾಗಿ, ಗೋಡೆ ಚೂಪಾಗಿ ಕಾಣುತ್ತದೆ. ವೇರಿಯೋಲ್ ಸುತ್ತಲಿನ ಕಲ್ಲಿನೊಳಗೆ ಕರಗಿದಂತಿರುತ್ತದೆ.

ಹಂತ 3: ಬಾಲ ಎತ್ತ ಇದೆ?

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕಳೆಯಿರಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಖುಷಿ ಕೊಡುವ ಹಂತ ಇದು.

ಲಾವಾ ನೀರಿನಡಿಯಲ್ಲಿ ಹೊರಬಂದಾಗ ಸುತ್ತ ಗಟ್ಟಿ ಚರ್ಮ ಕಟ್ಟುತ್ತದೆ. ಒಳಗೆ ಇನ್ನೂ ಲಾವಾ ಬರುತ್ತಲೇ ಇರುತ್ತದೆ. ಒತ್ತಡ ಹೆಚ್ಚಾಗಿ ಚರ್ಮ ಒಂದು ಕಡೆ ಬಿರುಕು ಬಿಡುತ್ತದೆ. ಅಲ್ಲಿಂದ ಹೊಸದೊಂದು ನಾಲಿಗೆ ಹೊರಬಂದು, ಅದಕ್ಕೂ ಚರ್ಮ ಕಟ್ಟಿ, ಅದೂ ಉಬ್ಬಿ, ಮತ್ತೆ ಒಡೆಯುತ್ತದೆ. 1970ರ ದಶಕದ ಆರಂಭದಲ್ಲಿ ಹವಾಯಿಯಲ್ಲಿ ಲಾವಾ ಸಮುದ್ರಕ್ಕೆ ಇಳಿದಾಗ ಮುಳುಗುಗಾರರು ಹತ್ತಿರ ಈಜಿ ಇದನ್ನು ಚಿತ್ರೀಕರಿಸಿದರು. 2009ರಲ್ಲಿ ಸಮೋವಾ ಮತ್ತು ಟೋಂಗಾ ನಡುವಿನ ವೆಸ್ಟ್ ಮಾಟಾ ಜ್ವಾಲಾಮುಖಿಯಲ್ಲಿ, ಸುಮಾರು 1200 ಮೀಟರ್ ಆಳದಲ್ಲಿ, ಜೇಸನ್ ಎಂಬ ಯಂತ್ರದ ಕ್ಯಾಮೆರಾ ಮುಂದೆಯೇ ದಿಂಬುಗಳು ಹುಟ್ಟಿದವು. ಅಂದರೆ ಮರಡಿಹಳ್ಳಿಯಲ್ಲಿ ಆದದ್ದು ಹೀಗೇ ಅನ್ನುವುದು ಬರೀ ಊಹೆಯಲ್ಲ.

ನಿಜವಾಗಿ ಈ ದಿಂಬುಗಳು ಉದ್ದುದ್ದದ ಕೊಳವೆಗಳು. ನಾವು ಬಂಡೆಯಲ್ಲಿ ನೋಡುವುದು ಅವುಗಳ ಅಡ್ಡಸೀಳು. ಹೊಸ ಕೊಳವೆ ಕೆಳಗಿನ ಎರಡು ಕೊಳವೆಗಳ ಮೇಲೆ ಬಂದು ಕೂತಾಗ ಮೇಲ್ಭಾಗ ಸ್ವತಂತ್ರವಾಗಿ ಕಮಾನಿನಂತೆ ಉಬ್ಬುತ್ತದೆ. ಕೆಳಭಾಗ ಆ ಎರಡರ ನಡುವಿನ ಸಂದಿಗೆ ಇಳಿದು ಚೂಪಾಗುತ್ತದೆ. ಆ ಚೂಪಾದ ತುದಿಯೇ ಬಾಲ. ಹಾಗಾಗಿ ಉಬ್ಬು ಇರುವ ದಿಕ್ಕು ಅಂದಿನ ಮೇಲು, ಬಾಲ ಇರುವ ದಿಕ್ಕು ಅಂದಿನ ಕೆಳಗು.

ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕದ ಏಳೆಂಟು ದಿಂಬುಗಳನ್ನು ಇದ್ದ ಹಾಗೇ ಬಿಡಿಸಿ. ಒಂದೊಂದರಲ್ಲೂ ಬಾಲ ಎತ್ತ ಇದೆ ಅಂತ ಬಾಣದ ಗುರುತು ಹಾಕಿ. ಒಂದೇ ದಿಂಬು ನೋಡಿ ತೀರ್ಮಾನ ಮಾಡಬೇಡಿ. ಬಂಡೆ ಓರೆಯಾಗಿ ಸೀಳಿದ್ದರೆ ಒಂದು ದಿಂಬು ಮೋಸ ಮಾಡಬಹುದು. ಏಳೆಂಟರಲ್ಲಿ ಹೆಚ್ಚಿನವು ಒಂದೇ ಕಡೆ ತೋರಿಸಿದರೆ ನಂಬಿ.

ಬಾಣಗಳು ಆಕಾಶಕ್ಕೋ ನೆಲಕ್ಕೋ ತೋರಿಸದೆ ಪಕ್ಕಕ್ಕೆ ತೋರಿಸಿದರೆ ಗಾಬರಿ ಬೇಡ. ಈ ಶಿಸ್ಟ್ ಪಟ್ಟಿ ಆಮೇಲೆ ಮಡಚಿಕೊಂಡಿದೆ, ಪದರಗಳು ಬಹಳ ಕಡೆ ಕಡಿದಾಗಿ ನಿಂತುಬಿಟ್ಟಿವೆ. ಅಂದಿನ ಮೇಲು ಇಂದಿನ ಪಕ್ಕ ಆಗಿರಬಹುದು. ದಿಕ್ಸೂಚಿ ತೆಗೆದು ಆ ದಿಕ್ಕು ಬರೆದುಕೊಳ್ಳಿ. ಯಾವ ಕಡೆಯ ಶಿಲೆ ಮೊದಲಿನದು, ಯಾವುದು ಆಮೇಲಿನದು ಅಂತ ಭೂವಿಜ್ಞಾನಿಗಳು ತೀರ್ಮಾನಿಸುವುದು ಇಂಥ ಬಾಣಗಳಿಂದಲೇ. ಮಡಚಿದ ಶಿಲೆಗಳ ಇತಿಹಾಸ ಬಿಡಿಸುವಾಗ ಇದು ತುಂಬಾ ದೊಡ್ಡ ಸುಳಿವು.

ಇನ್ನೊಂದು ಅಪರೂಪದ ಗುರುತು ಇದೆ. ಕೆಲವೊಮ್ಮೆ ಕೊಳವೆಯೊಳಗಿನ ಲಾವಾ ಮುಂದಕ್ಕೆ ಹರಿದು ಖಾಲಿಯಾಗುತ್ತದೆ. ಉಳಿದ ಲಾವಾದ ಮಟ್ಟಸ ಮೇಲ್ಮೈ ಗಟ್ಟಿಯಾಗಿ ಒಳಗೊಂದು ಅಟ್ಟ ಕಟ್ಟುತ್ತದೆ. ಮೇಲಿನ ಖಾಲಿ ಜಾಗದಲ್ಲಿ ಆಮೇಲೆ ಬಿಳಿ ಸ್ಫಟಿಕ ತುಂಬಿಕೊಳ್ಳುತ್ತದೆ. ದಿಂಬಿನೊಳಗೆ ಚಪ್ಪಟೆ ತಳ, ಕಮಾನು ಮೇಲ್ಭಾಗದ ಬಿಳಿ ಮಚ್ಚೆ ಕಂಡರೆ ಅದನ್ನು ಬಿಡಬೇಡಿ. ಆ ಚಪ್ಪಟೆ ಗೆರೆ ಅಂದಿನ ಸಮಮಟ್ಟ. ಇಂಥದ್ದು ಎಲ್ಲ ಕಡೆ ಸಿಗುವುದಿಲ್ಲ, ಸಿಕ್ಕರೆ ಬಾಲಕ್ಕಿಂತಲೂ ಗಟ್ಟಿ ಪುರಾವೆ.

ಹಂತ 4: ಮೂರು ದಿಂಬು ಸೇರುವ ಸಂದಿ

ಮೂರು ದಿಂಬುಗಳ ನಡುವೆ ಒಂದು ಮೂರು ಮೂಲೆಯ ಜಾಗ ಇರುತ್ತದೆ. ಅಂಗೈಯಷ್ಟೋ, ಇನ್ನೂ ಸಣ್ಣದೋ. ಅವಸರದಲ್ಲಿ ಬಂದವರು ಅದನ್ನು ನೋಡುವುದೇ ಇಲ್ಲ. ನೀವು ಮಂಡಿಯೂರಿ ಕೂತು, ನೀರು ಹಾಕಿ, ಮಸೂರದಲ್ಲಿ ನೋಡಿ.

ಕಾದ ಗಾಜಿನ ಲೋಟಕ್ಕೆ ತಣ್ಣೀರು ಬಿದ್ದರೆ ಚೂರಾಗುತ್ತದೆ ಅಲ್ವಾ? ದಿಂಬಿನ ಗಾಜಿನ ಚರ್ಮಕ್ಕೂ ಅದೇ ಗತಿ. ಸಿಡಿದ ಚೂರುಗಳು ಸಂದಿಯಲ್ಲಿ ತುಂಬಿಕೊಳ್ಳುತ್ತವೆ. ಇದಕ್ಕೆ ಹೈಲೊಕ್ಲಾಸ್ಟೈಟ್ ಅಂತ ಹೆಸರು. ಗುರುತಿಸುವುದು ಕಷ್ಟವಲ್ಲ. ಚೂರುಗಳ ಮೂಲೆಗಳು ಚೂಪಾಗಿರುತ್ತವೆ, ಸವೆದಿರುವುದಿಲ್ಲ. ಕೆಲವು ಚೂರುಗಳು ಎಷ್ಟು ಹತ್ತಿರ ಇರುತ್ತವೆಂದರೆ, ಒಂದರ ಅಂಚು ಪಕ್ಕದ್ದರ ಅಂಚಿಗೆ ಸರಿಯಾಗಿ ಕೂರುತ್ತದೆ. ಒಡೆದ ಜಾಗದಲ್ಲೇ ಉಳಿದಿವೆ, ಎಲ್ಲಿಂದಲೋ ಹರಿದು ಬಂದವಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಹೊಸ ಲಾವಾಗಳಲ್ಲಿ ಈ ಚೂರುಗಳು ನೀರು ಹೀರಿ ಹಳದಿ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಇಷ್ಟು ಹಳೆಯವುಗಳಲ್ಲಿ ಆ ಬಣ್ಣ ನಿರೀಕ್ಷಿಸಬೇಡಿ, ಹಸಿರು ಕ್ಲೋರೈಟೇ ಇರುತ್ತದೆ.

ಚೂರುಗಳ ಬದಲು ಸಂದಿಯಲ್ಲಿ ನಯವಾದ, ತುಂಬಾ ಗಟ್ಟಿಯಾದ, ಬೂದು ಅಥವಾ ಬಿಳಿ ಕಲ್ಲು ಇರಬಹುದು. ಅದು ಚರ್ಟ್, ನೀರಿನಲ್ಲಿ ಕರಗಿದ್ದ ಸಿಲಿಕಾ ತಳದಲ್ಲಿ ಕೂತು ಆದದ್ದು. ಸುಣ್ಣದ ಅಂಶವೂ ಇರಬಹುದು. ಎರಡು ಸಿಡಿತಗಳ ನಡುವೆ ತಳದಲ್ಲಿ ಸ್ವಲ್ಪ ಕಾಲ ಶಾಂತಿ ಇತ್ತು, ಕೆಸರು ಕೂರಲು ಸಮಯ ಸಿಕ್ಕಿತು ಅಂತ ಇದರ ಅರ್ಥ.

ಅಂಚು, ಬಾಲ, ಸಂದಿ. ಈ ಮೂರೂ ಒಂದೇ ಬಂಡೆಯಲ್ಲಿ ಸಿಕ್ಕರೆ ‘ನೀರಿನಡಿಯ ಲಾವಾ’ ಅಂತ ಧೈರ್ಯವಾಗಿ ಬರೆಯಿರಿ. ಎರಡು ಸಿಕ್ಕರೆ ‘ಇರಬಹುದು’ ಅಂತ ಬರೆಯಿರಿ. ಬರೀ ದುಂಡು ಆಕಾರಕ್ಕೆ ಏನನ್ನೂ ಬರೆಯಬೇಡಿ.

ಹಂತ 5: ಗುಳ್ಳೆ ನೋಡಿ ಆಳ ಅಂದಾಜಿಸುವುದು

ಲಾವಾದಲ್ಲಿ ಕರಗಿದ ಅನಿಲ ಇರುತ್ತದೆ. ಒತ್ತಡ ಕಡಿಮೆಯಾದಾಗ ಅದು ಗುಳ್ಳೆಯಾಗಿ ಹೊರಬರುತ್ತದೆ. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಜಾಸ್ತಿಯಾಗುತ್ತದೆ. 2000 ಮೀಟರ್ ಆಳದಲ್ಲಿ 200 ವಾಯುಭಾರ. ಅಷ್ಟು ಒತ್ತಡದಲ್ಲಿ ಗುಳ್ಳೆಗಳು ಹುಟ್ಟುವುದೇ ಕಡಿಮೆ, ಹುಟ್ಟಿದರೂ ಸಣ್ಣವು. ಹಾಗಾಗಿ ಗುಳ್ಳೆ ಜಾಸ್ತಿ, ದೊಡ್ಡದು ಇದ್ದರೆ ಆಳ ಕಡಿಮೆ ಇದ್ದಿರಬಹುದು. ಗುಳ್ಳೆ ವಿರಳವಾಗಿ, ಸೂಜಿಮೊನೆಯಷ್ಟಿದ್ದರೆ ಆಳ ಜಾಸ್ತಿ ಇದ್ದಿರಬಹುದು.

ಹಳೆಯ ಲಾವಾದಲ್ಲಿ ಗುಳ್ಳೆಗಳು ಖಾಲಿ ಇರುವುದಿಲ್ಲ. ಸ್ಫಟಿಕ, ಕ್ಯಾಲ್ಸೈಟ್, ಕ್ಲೋರೈಟ್ ತುಂಬಿಕೊಂಡು ಬಿಳಿ ಅಥವಾ ಹಸಿರು ಚುಕ್ಕೆಗಳಾಗಿರುತ್ತವೆ. ದಿಂಬಿನೊಳಗೆ ಅವು ಅಂಚಿಗೆ ಸಮಾನಾಂತರವಾಗಿ ಸಾಲಾಗಿ ನಿಂತಿವೆಯಾ ನೋಡಿ. ಸ್ಕೇಲ್ ಇಟ್ಟು ಒಂದು ಫೋಟೊ ತೆಗೆಯಿರಿ.

ಈ ಹಂತವನ್ನು ನಾನು ಜಾಸ್ತಿ ನೆಚ್ಚಿಕೊಳ್ಳುವುದಿಲ್ಲ. ಲಾವಾದಲ್ಲಿ ಮೊದಲಿಗೇ ಎಷ್ಟು ಅನಿಲ ಇತ್ತು ಅನ್ನುವುದರ ಮೇಲೂ ಗುಳ್ಳೆ ನಿಲ್ಲುತ್ತದೆ. ನೀರಿನಂಶ ಜಾಸ್ತಿ ಇದ್ದ ಲಾವಾ ಆಳದಲ್ಲೂ ಗುಳ್ಳೆ ಬಿಡುತ್ತದೆ. ‘ಆಳವಾಗಿತ್ತು’, ‘ಆಳ ಕಡಿಮೆ ಇತ್ತು’ ಅನ್ನುವಷ್ಟಕ್ಕೆ ನಿಲ್ಲಿಸಿ. ಗುಳ್ಳೆ ನೋಡಿ ಮೀಟರ್ ಲೆಕ್ಕ ಹೇಳುವವರನ್ನು ನಂಬಬೇಡಿ.

ಹಂತ 6: ಮೋಸ ಹೋಗುವ ಜಾಗಗಳು

ಚಿತ್ರದುರ್ಗದ ಸುತ್ತ ದುಂಡು ಕಲ್ಲುಗಳಿಗೆ ಬರವಿಲ್ಲ. ಕೋಟೆ ಬೆಟ್ಟದ ತುಂಬ ಗ್ರಾನೈಟ್ ಗುಂಡುಗಳಿವೆ. ಅವು ದಿಂಬುಗಳಲ್ಲ. ಗ್ರಾನೈಟ್ ಭೂಮಿಯ ಆಳದಲ್ಲಿ ನಿಧಾನಕ್ಕೆ ಆರಿದ ಶಿಲೆ, ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಬಿರುಕುಗಳಲ್ಲಿ ನೀರು ಇಳಿದು ಮೂಲೆಗಳು ಮೊದಲು ಸವೆದು ಅದು ದುಂಡಗಾಗುತ್ತದೆ.

ಡೋಲರೈಟ್ ಎಂಬ ಶಿಲೆ ಇನ್ನೂ ಜಾಸ್ತಿ ಮೋಸ ಮಾಡುತ್ತದೆ. ಅದರ ಬಣ್ಣವೂ ಕಪ್ಪು, ಕಾಳೂ ಸಣ್ಣ, ಸವೆದಾಗ ಪದರ ಪದರವಾಗಿ ಸುಲಿದು ಉಂಡೆಗಳಾಗುತ್ತದೆ. ಪರೀಕ್ಷೆ ಹೀಗೆ ಮಾಡಿ: ಸವೆತದಿಂದಾದ ಉಂಡೆಯಲ್ಲಿ ಹೊರಪದರ ಕೊಳೆತು ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ನಡುವೆ ಗಟ್ಟಿ ಕಲ್ಲು. ಕಾಳಿನ ಗಾತ್ರ ಹೊರಗೂ ಒಳಗೂ ಒಂದೇ. ದಿಂಬಿನಲ್ಲಿ ಅಂಚಿಗೆ ಬಂದಂತೆ ಕಾಳು ಸಣ್ಣದಾಗಲೇಬೇಕು. ಮತ್ತೆ ಉಂಡೆಗಳಿಗೆ ಬಾಲ ಇರುವುದಿಲ್ಲ.

ಮೂರನೆಯದು ಕಾಂಗ್ಲೊಮರೇಟ್, ಅಂದರೆ ಹೊಳೆಯೋ ಅಲೆಯೋ ಉರುಳಿಸಿದ ಗುಂಡುಕಲ್ಲುಗಳು ಅಂಟಿಕೊಂಡು ಆದ ಶಿಲೆ. ಇದೇ ಶಿಸ್ಟ್ ಪಟ್ಟಿಯಲ್ಲಿ ಇದೂ ಇದೆ. ಅದರಲ್ಲಿ ಸಾಮಾನ್ಯವಾಗಿ ಗುಂಡುಗಳು ಬೇರೆ ಬೇರೆ ಜಾತಿಯವು: ಒಂದು ಗ್ರಾನೈಟ್, ಪಕ್ಕದ್ದು ಬಿಳಿ ಸ್ಫಟಿಕ, ಇನ್ನೊಂದು ಕಪ್ಪು ಲಾವಾ. ದಿಂಬುಗಳಾದರೆ ಎಲ್ಲವೂ ಒಂದೇ ಶಿಲೆ.

ನೆಲದ ಮೇಲೆ ಹರಿದ ಲಾವಾವನ್ನು ಗುರುತಿಸುವುದು ಇನ್ನೂ ಸೂಕ್ಷ್ಮ. ಅದೂ ನಾಲಿಗೆ ನಾಲಿಗೆಯಾಗಿ ಹರಿದು ಬೆರಳುಗಳಂಥ ಉಬ್ಬುಗಳನ್ನು ಮಾಡುತ್ತದೆ. ಸುಮಾರು 6.6 ಕೋಟಿ ವರ್ಷದ ಹಿಂದಿನ ಡೆಕ್ಕನ್ ಲಾವಾದಲ್ಲಿ ಇಂಥವು ತುಂಬಾ ಇವೆ. ಆ ಲಾವಾ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಗೂ ಹಬ್ಬಿದೆ. ಅಲ್ಲಿ ಎರಡು ಲಾವಾ ಪದರಗಳ ನಡುವೆ ಕೆಲವೆಡೆ ಇಟ್ಟಿಗೆ ಕೆಂಪಿನ ಮಣ್ಣಿನ ಪದರ ಕಾಣುತ್ತದೆ. ಮಹಾರಾಷ್ಟ್ರದ ಘಾಟಿ ರಸ್ತೆಗಳಲ್ಲಿ ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಒಂದು ಲಾವಾ ಹರಿದ ಮೇಲೆ ಗಾಳಿ ಮಳೆಗೆ ಅದರ ಮೇಲ್ಮೈ ಮಣ್ಣಾಗಿ ಕೆಂಪೇರಿ, ಆಮೇಲೆ ಮುಂದಿನ ಲಾವಾ ಬಂದು ಮುಚ್ಚಿದೆ. ಕೆಂಪು ಮಣ್ಣು ಅಂದರೆ ಬಯಲು. ಸಂದಿಯಲ್ಲಿ ಗಾಜಿನ ಚೂರೋ ಚರ್ಟೋ ಅಂದರೆ ನೀರು.

ಹಂತ 7: ನೆರೆಹೊರೆಯನ್ನು ಕೇಳಿ

ನೀರಿತ್ತು ಅಂತ ಆಯಿತು. ಕೆರೆಯೋ ಸಮುದ್ರವೋ? ಈಗ ಮೊದಲೇ ಬರೆದುಕೊಂಡ ನಕ್ಷೆಯ ಟಿಪ್ಪಣಿ ತೆಗೆಯಿರಿ.

ಚಿತ್ರದುರ್ಗ ಪಟ್ಟಿಯಲ್ಲಿ ಲಾವಾ ಜೊತೆಗೆ ಚರ್ಟ್ ಇದೆ, ಪಟ್ಟೆ ಪಟ್ಟೆಯ ಕಬ್ಬಿಣದ ಶಿಲೆ ಇದೆ. ಕಬ್ಬಿಣದ ಶಿಲೆ ಇಲ್ಲಿ ಮುಖ್ಯ ಸಾಕ್ಷಿ. ಸುಮಾರು 240 ಕೋಟಿ ವರ್ಷಗಳ ಹಿಂದಿನವರೆಗೆ ವಾತಾವರಣದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆಗ ಕಬ್ಬಿಣ ಸಮುದ್ರದ ನೀರಿನಲ್ಲಿ ಕರಗಿಯೇ ಇರುತ್ತಿತ್ತು. ನೀರಿನಡಿಯ ಬಿಸಿ ಬುಗ್ಗೆಗಳು ಅದನ್ನು ಸಮುದ್ರಕ್ಕೆ ಸುರಿಯುತ್ತಿದ್ದವು. ಅದು ಸಿಲಿಕಾ ಜೊತೆ ಪದರ ಪದರವಾಗಿ ತಳದಲ್ಲಿ ಕೂತು ಈ ಪಟ್ಟೆ ಶಿಲೆಯಾಯಿತು. ಕಿಲೋಮೀಟರುಗಟ್ಟಲೆ ಹಬ್ಬಿರುವ ಇಂಥ ಪದರಗಳು, ಅವುಗಳ ಜೊತೆ ದಪ್ಪದ ದಿಂಬು ಲಾವಾ. ಇದು ಒಂದು ಕೆರೆಯಲ್ಲಿ ಆಗುವ ಕೆಲಸವಲ್ಲ.

ಚಿತ್ರದುರ್ಗದ ಹತ್ತಿರದ ಇಂಗಳದಾಳನ್ನೂ ಇದರ ಜೊತೆ ಸೇರಿಸಿ ನೋಡಬೇಕು. ಅಲ್ಲಿ ತಾಮ್ರದ ಗಣಿ ಇತ್ತು. ತಾಮ್ರ, ಕಬ್ಬಿಣ, ಗಂಧಕ ಸೇರಿದ ಅದಿರು ಇದೇ ಹಸಿರು ಲಾವಾ ಶಿಲೆಗಳಲ್ಲಿದೆ. 1979ರಲ್ಲಿ ಪೂರ್ವ ಪೆಸಿಫಿಕ್‌ನ ತಳಕ್ಕೆ ಆಲ್ವಿನ್ ಎಂಬ ಜಲಾಂತರ್ಗಾಮಿಯಲ್ಲಿ ಇಳಿದ ವಿಜ್ಞಾನಿಗಳು ಕಪ್ಪು ಹೊಗೆಯಂತೆ ಉಗುಳುವ ಚಿಮಣಿಗಳನ್ನು ಕಂಡರು. ಅದರ ನೀರು ಸುಮಾರು 350 ಡಿಗ್ರಿ ಬಿಸಿ. ಆ ಕಪ್ಪು ಹೊಗೆ ಅಂದರೆ ಲೋಹ ಮತ್ತು ಗಂಧಕದ ಸಣ್ಣ ಕಣಗಳು. ಬಿಸಿ ಲಾವಾದೊಳಗೆ ಇಳಿದ ಸಮುದ್ರದ ನೀರು ಲೋಹಗಳನ್ನು ಕರಗಿಸಿಕೊಂಡು ಮೇಲೆ ಬಂದು, ತಣ್ಣೀರಿಗೆ ತಾಗಿದಾಗ ಅವನ್ನು ಬಿಟ್ಟುಬಿಡುತ್ತದೆ. ಹಳೆಯ ಹಸಿರುಶಿಲೆ ಪಟ್ಟಿಗಳ ತಾಮ್ರದ ಅದಿರುಗಳಲ್ಲಿ ಎಷ್ಟೋ ಹೀಗೇ ಆದವು.

ಹಂತ 8: ಸಿಡಿದು ಪುಡಿಯಾದದ್ದನ್ನು ಓದುವುದು

ದಿಂಬು ಶಾಂತವಾಗಿ ಉಕ್ಕಿದ ಲಾವಾದ ಕಥೆ. ನೀರಿನಡಿಯಲ್ಲಿ ಭಾರೀ ಸ್ಫೋಟವೂ ಆಗುತ್ತದೆ. ಅದರ ಗುರುತು ಬೂದಿ, ಪ್ಯೂಮಿಸ್ (ಗುಳ್ಳೆ ತುಂಬಿದ ಹಗುರ ಲಾವಾ ಕಲ್ಲು), ಕಲ್ಲಿನ ಚೂರುಗಳ ಪದರಗಳು. ಇದನ್ನು ನೋಡಲು ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಗೆ ಹೋಗಿ. ಅಲ್ಲಿ ಸಿಡಿದು ಬಿದ್ದ ಚೂರುಗಳ ಶಿಲೆ ಮತ್ತು ದಿಂಬು ಲಾವಾ ಎರಡೂ ಇವೆ. ಅದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೇ.

ಇಂಥ ಪದರ ನೋಡುವಾಗ ಮೊದಲು ಕೆಳಗಿನ ಚೂರು ದೊಡ್ಡದೋ, ಮೇಲಿನದೋ ಅಂತ ನೋಡಿ. ನೀರಿನಲ್ಲಿ ಹರಿದು ಕೂತ ಪದರದಲ್ಲಿ ದಪ್ಪ, ಭಾರದ ಚೂರು ತಳದಲ್ಲಿ, ಮೇಲೆ ಹೋದಂತೆ ನಯ ಬೂದಿ. ಪ್ಯೂಮಿಸ್ ಹಗುರವಾದ್ದರಿಂದ ಅದರ ದೊಡ್ಡ ತುಂಡುಗಳು ಮೇಲ್ಭಾಗದಲ್ಲೂ ಇರಬಹುದು. ಚೂರುಗಳ ಮೂಲೆ ಚೂಪಾಗಿದೆಯಾ ಅನ್ನುವುದನ್ನೂ ಮರೆಯಬೇಡಿ.

ಈ ಪದರಗಳು ಎಷ್ಟು ವೇಗವಾಗಿ ಹುಟ್ಟಬಲ್ಲವು ಅಂತ ನಮ್ಮ ಕಾಲದಲ್ಲೇ ಗೊತ್ತಾಯಿತು. 2022ರ ಜನವರಿ 15ರಂದು ಟೋಂಗಾದ ಹುಂಗಾ ಜ್ವಾಲಾಮುಖಿ ಸಿಡಿದಾಗ, ಮೇಲಕ್ಕೆ ಹಾರಿದ ಬೂದಿ ಕಲ್ಲು ಕುಸಿದು ಸಮುದ್ರದ ತಳದಲ್ಲಿ ಗಂಟೆಗೆ 122 ಕಿ.ಮೀ. ವೇಗದಲ್ಲಿ ಹರಿಯಿತು. ತಳದಲ್ಲಿದ್ದ ಕೇಬಲ್‌ಗಳು ತುಂಡಾಗಿ ಟೋಂಗಾ ಹೊರಜಗತ್ತಿನ ಸಂಪರ್ಕವನ್ನೇ ಕಳೆದುಕೊಂಡಿತು. ಕೇಬಲ್ ತುಂಡಾದ ಜಾಗ, ಹೊತ್ತು ನೋಡಿಯೇ ಆ ವೇಗ ಲೆಕ್ಕ ಹಾಕಿದ್ದು.

ಹಾವ್ರೆ ಎಂಬ ಸಮುದ್ರದಡಿಯ ಜ್ವಾಲಾಮುಖಿಯ 2012ರ ಸಿಡಿತ ಬೇರೆ ಪಾಠ ಹೇಳುತ್ತದೆ. ನ್ಯೂಜಿಲೆಂಡಿನ ಉತ್ತರಕ್ಕೆ ಸಮುದ್ರದಲ್ಲಿ ಪ್ಯೂಮಿಸ್ ತೇಲುತ್ತಿರುವುದನ್ನು ವಿಮಾನದ ಪ್ರಯಾಣಿಕರೊಬ್ಬರು ಕಿಟಕಿಯಿಂದ ನೋಡಿದರು. ಆ ತೆಪ್ಪ 400 ಚದರ ಕಿ.ಮೀ. ಇತ್ತು. ಸಿಡಿದ ಬಾಯಿ ಇದ್ದದ್ದು 900 ಮೀಟರ್‌ಗೂ ಆಳದಲ್ಲಿ. 2015ರಲ್ಲಿ ಯಂತ್ರಗಳನ್ನು ಇಳಿಸಿ ನೋಡಿದಾಗ ತಳದಲ್ಲಿ 9 ಮೀಟರ್ ಗಾತ್ರದ ಪ್ಯೂಮಿಸ್ ಬಂಡೆಗಳೂ ಕಂಡವು. ಆದರೆ ಹೊರಬಂದ ಒಟ್ಟು ಸರಕಿನಲ್ಲಿ ಸುಮಾರು ಮುಕ್ಕಾಲು ಪಾಲು ತೇಲಿಕೊಂಡು ಹೋಗಿಬಿಟ್ಟಿತ್ತು. ಹಾಗಾಗಿ ಹಳೆಯ ಬಂಡೆಯಲ್ಲಿ ಪ್ಯೂಮಿಸ್ ಪದರ ತೆಳುವಾಗಿದೆ ಅಂತ ಸಿಡಿತವೂ ಸಣ್ಣದು ಅಂದುಕೊಳ್ಳಬೇಡಿ.

ಈಗಿನ ಸಮುದ್ರದ ತಳದಲ್ಲಿ ಇದನ್ನೇ ಓದಲು ಕೊಳವೆ ಕೊರೆದು ಉದ್ದನೆಯ ಕಂಬದಂಥ ಮಾದರಿ ತೆಗೆಯುತ್ತಾರೆ. ಅದಕ್ಕೆ ಕೋರ್ ಅನ್ನುತ್ತಾರೆ. 2015ರಲ್ಲಿ ಅರಬ್ಬಿ ಸಮುದ್ರದ ಲಕ್ಷ್ಮಿ ಬೇಸಿನ್‌ನಲ್ಲಿ ಹಾಗೆ ಕೊರೆದಾಗ ಕೆಸರಿನ ದಪ್ಪ ಪದರಗಳ ಕೆಳಗೆ ಬಸಾಲ್ಟ್ ಸಿಕ್ಕಿತು. ನಮ್ಮಂಥವರಿಗೆ ಆ ಕೋರ್ ಮುಟ್ಟಲು ಸಿಗುವುದಿಲ್ಲ, ಫೋಟೊ ನೋಡಬಹುದು. ಅಲ್ಲಿ ನೋಡಬೇಕಾದದ್ದೂ ಇದೇ: ಗಾಜಿನ ಅಂಚು ಎಲ್ಲಿ ಬರುತ್ತದೆ, ಕಾಳು ಎಲ್ಲಿ ಒರಟಾಗುತ್ತದೆ, ಮತ್ತೆ ಅಂಚು ಎಲ್ಲಿ. ಅಂಚಿನಿಂದ ಅಂಚಿಗೆ ಒಂದು ದಿಂಬು.

ಬರೆದಿಡುವುದು, ತಿಳಿಸುವುದು

ಮನೆಗೆ ಬಂದ ಮೇಲೆ ಬರೆಯೋಣ ಅಂದುಕೊಳ್ಳಬೇಡಿ, ಅಲ್ಲೇ ಬರೆಯಿರಿ. ಪ್ರತಿ ಫೋಟೊದಲ್ಲೂ ನಾಣ್ಯ ಅಥವಾ ಸ್ಕೇಲ್ ಇರಲಿ. ಅದಿಲ್ಲದ ಕಲ್ಲಿನ ಫೋಟೊ ಒಂದು ಅಡಿಯದೋ ಹತ್ತು ಅಡಿಯದೋ ಯಾರಿಗೂ ತಿಳಿಯುವುದಿಲ್ಲ. ಯಾವ ದಿಕ್ಕಿಗೆ ಮುಖ ಮಾಡಿ ತೆಗೆದಿರಿ ಅಂತಲೂ ಬರೆಯಿರಿ. ಕಂಡದ್ದನ್ನು ಒಂದು ಕಡೆ, ನಿಮ್ಮ ತೀರ್ಮಾನವನ್ನು ಇನ್ನೊಂದು ಕಡೆ ಇಡಿ. ‘ಗಾಢ ಬಣ್ಣದ ಅಂಚು, ಒಂದೂವರೆ ಸೆಂ.ಮೀ.’ ಕಂಡದ್ದು. ‘ನೀರಿನಲ್ಲಿ ಬೇಗ ಆರಿದೆ’ ತೀರ್ಮಾನ.

ಸಮಯ ಇದ್ದರೆ ಇನ್ನೊಂದು ದಿನ ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಅಲ್ಲಿನ ಕಂಬ ಕಂಬದ ಲಾವಾ ಸುಮಾರು 8.8 ಕೋಟಿ ವರ್ಷದ್ದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಇವತ್ತು ಸುತ್ತ ಸಮುದ್ರ ಇದೆ, ಆದರೆ ಆ ಲಾವಾ ನೀರಿನಡಿಯದಲ್ಲ. ಅಲ್ಲಿ ದಿಂಬಿನ ಅಂಚು, ಬಾಲ, ಸಂದಿಯ ಚೂರು ಹುಡುಕಿ ನೋಡಿ, ಸಿಗುವುದಿಲ್ಲ. ಏನು ಇಲ್ಲ ಅನ್ನುವುದನ್ನು ಗಮನಿಸಲು ಅದಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ನನಗೆ ಗೊತ್ತಿಲ್ಲ.

ಶಿಸ್ಟ್ ಪಟ್ಟಿಯಲ್ಲಿ ರಸ್ತೆ ಅಗಲ ಮಾಡುವಾಗ, ಬಾವಿ ತೋಡುವಾಗ, ಕಲ್ಲುಕ್ವಾರಿಯಲ್ಲಿ ಹೊಸ ಬಂಡೆ ಮುಖಗಳು ಆಗಾಗ ತೆರೆದುಕೊಳ್ಳುತ್ತವೆ. ಕೆಲವೇ ದಿನದಲ್ಲಿ ಜಲ್ಲಿಯಾಗಿ ಹೋಗುತ್ತವೆ. ನಿಮ್ಮ ಊರ ಹತ್ತಿರ ಅಂಥದ್ದರಲ್ಲಿ ದಿಂಬಿನ ಗುರುತು ಕಂಡರೆ ಜಮೀನಿನವರನ್ನು ಕೇಳಿ ಒಳಗೆ ಹೋಗಿ. ಸ್ಕೇಲ್ ಇಟ್ಟು ಫೋಟೊ ತೆಗೆದು, ಮೊಬೈಲ್‌ನಲ್ಲಿ ಜಾಗದ ಗುರುತು ಉಳಿಸಿಕೊಳ್ಳಿ. ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ಬೆಂಗಳೂರಿನ ಜಿಎಸ್‌ಐ ಕಚೇರಿಗೋ ಆ ವಾರವೇ ಕಳಿಸಿ. ಜೆಸಿಬಿ ಬರುವ ಮೊದಲು ಅವರು ಬಂದು ನೋಡಬೇಕು.